ಬ್ರಿಟಿಷ್ ಸ್ಕೋನ್, ಅಮೆರಿಕನ್ ಸ್ಕೋನ್: ವ್ಯತ್ಯಾಸ ಎಲ್ಲಿದೆ, ಎರಡನ್ನೂ ಮನೆಯಲ್ಲಿ ಮಾಡುವುದು ಹೇಗೆ

ಸ್ಕೋನ್ ಅಂತ ಹುಡುಕಿದರೆ ಎರಡು ತರಹದ ಫೋಟೊ ಬರುತ್ತವೆ. ಒಂದರಲ್ಲಿ ದುಂಡಗೆ, ಎತ್ತರಕ್ಕೆ ಉಬ್ಬಿದ ಸಾದಾ ತಿಂಡಿ, ಪಕ್ಕದಲ್ಲಿ ಜಾಮ್, ಕ್ರೀಮ್, ಟೀ. ಇನ್ನೊಂದರಲ್ಲಿ ತ್ರಿಕೋನದ ತುಂಡು, ಒಳಗೆ ಬ್ಲೂಬೆರಿ, ಮೇಲೆ ಬಿಳಿ ಸಕ್ಕರೆಯ ಲೇಪ. ಮೊದಲನೆಯದು ಬ್ರಿಟನ್ನಿನದು, ಎರಡನೆಯದು ಅಮೆರಿಕದ್ದು. ಎಷ್ಟೋ ಜನ ವ್ಯತ್ಯಾಸ ಇಷ್ಟೇ, ಒಂದು ದುಂಡು, ಒಂದು ತ್ರಿಕೋನ ಅಂದುಕೊಳ್ಳುತ್ತಾರೆ. ಆಮೇಲೆ ಒಂದು ರೆಸಿಪಿಯಿಂದ ಬೆಣ್ಣೆಯ ಅಳತೆ, ಇನ್ನೊಂದರಿಂದ ಓವನ್ ಬಿಸಿ ತೆಗೆದುಕೊಂಡು ಮಾಡುತ್ತಾರೆ. ಆಗ ಬರುವುದು ಅದೂ ಅಲ್ಲ, ಇದೂ ಅಲ್ಲ.

ಆಕಾರ ನಿಜಕ್ಕೂ ಮುಖ್ಯವಲ್ಲ. ಬ್ರಿಟಿಷ್ ಸ್ಕೋನನ್ನು ಹಾಗೇ ತಿನ್ನುವುದಿಲ್ಲ. ಅದನ್ನು ಎರಡು ಭಾಗ ಮಾಡಿ ಬೆಣ್ಣೆಯನ್ನೋ ಜಾಮ್ ಮತ್ತು ಕ್ರೀಮನ್ನೋ ಹಚ್ಚಿಕೊಳ್ಳಬೇಕು. ರುಚಿ, ಜಿಡ್ಡು, ಸಿಹಿ ಎಲ್ಲ ಮೇಲಿನಿಂದ ಬರುತ್ತದೆ. ಆದ್ದರಿಂದ ಒಳಗೆ ಬೆಣ್ಣೆ, ಸಕ್ಕರೆ ಎರಡೂ ಕಮ್ಮಿ. ಅಮೆರಿಕನ್ ಸ್ಕೋನನ್ನು ಕಾಫಿ ಜೊತೆ ಕೈಯಲ್ಲಿ ಹಿಡಿದು ಹಾಗೇ ತಿನ್ನುತ್ತಾರೆ. ಬೇಕಾದ್ದೆಲ್ಲ ಅದರೊಳಗೇ ಇರಬೇಕು. ಕೆಳಗೆ ಕೊಟ್ಟಿರುವ ಅಳತೆಗಳನ್ನೇ ನೋಡಿ: ಬ್ರಿಟಿಷ್ ಸ್ಕೋನ್‌ಗೆ 225 ಗ್ರಾಂ ಹಿಟ್ಟಿಗೆ 55 ಗ್ರಾಂ ಬೆಣ್ಣೆ, ಅಂದರೆ ಸುಮಾರು ಕಾಲು ಭಾಗ. ಅಮೆರಿಕನ್ ಸ್ಕೋನ್‌ಗೆ 250 ಗ್ರಾಂ ಹಿಟ್ಟಿಗೆ 115 ಗ್ರಾಂ, ಹೆಚ್ಚುಕಮ್ಮಿ ಅರ್ಧ. ಸಕ್ಕರೆ ಎರಡೂವರೆ ಪಟ್ಟು. ಬೆಣ್ಣೆಯನ್ನು ಹೇಗೆ ಬೆರೆಸಬೇಕು, ಓವನ್ ಎಷ್ಟು ಬಿಸಿ ಇರಬೇಕು, ಎಷ್ಟು ದಪ್ಪ ತಟ್ಟಬೇಕು ಎನ್ನುವುದೆಲ್ಲ ಈ ಅಳತೆಯ ಹಿಂದೆಯೇ ಬರುತ್ತದೆ.

ಒಂದೇ ಹೆಸರು, ನಾಲ್ಕು ತಿಂಡಿ

ಸ್ಕೋನ್‌ನ ಮೂಲ ಸ್ಕಾಟ್ಲೆಂಡ್. ಅಲ್ಲಿ ಮೊದಲು ಇದಕ್ಕೆ ಓವನ್ ಇರಲಿಲ್ಲ. ಓಟ್ಸ್ ಅಥವಾ ಬಾರ್ಲಿ ಹಿಟ್ಟನ್ನು ದೊಡ್ಡದಾಗಿ ದುಂಡಗೆ ತಟ್ಟಿ, ಗರ್ಡಲ್ ಎನ್ನುವ ಚಪ್ಪಟೆ ಕಬ್ಬಿಣದ ಕಾವಲಿಯ ಮೇಲೆ ಬೇಯಿಸಿ, ತ್ರಿಕೋನವಾಗಿ ಕತ್ತರಿಸುತ್ತಿದ್ದರು. ಅಂದರೆ ಅಮೆರಿಕದವರ ತ್ರಿಕೋನ ಅವರು ಹೊಸದಾಗಿ ಕಂಡುಹಿಡಿದದ್ದಲ್ಲ.

ಈಗಿನ ಉಬ್ಬಿದ ಸ್ಕೋನ್ ಬಂದದ್ದು 19ನೇ ಶತಮಾನದಲ್ಲಿ. 1843ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ತಯಾರಿಸಿದ. ಅವನ ಹೆಂಡತಿಗೆ ಯೀಸ್ಟ್ ಆಗುತ್ತಿರಲಿಲ್ಲವಂತೆ. 1845ರಲ್ಲಿ ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ಸೆಲ್ಫ್ ರೈಸಿಂಗ್ ಹಿಟ್ಟಿಗೆ, ಅಂದರೆ ಉಬ್ಬಿಸುವ ಪುಡಿ ಮೊದಲೇ ಬೆರೆಸಿದ ಹಿಟ್ಟಿಗೆ, ಪೇಟೆಂಟ್ ಪಡೆದ. ಇಂಗ್ಲೆಂಡಿನ ಮನೆಗಳಲ್ಲಿ ಸ್ಕೋನ್ ಅರ್ಧ ಗಂಟೆಯ ಕೆಲಸ ಆಗಿದ್ದು ಇವರಿಂದ.

ಒಂದು ತಮಾಷೆಯ ಸಂಗತಿ ಇದೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1959ರಲ್ಲಿ ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಗೆ ಹೋಗಿದ್ದರು. ಅಲ್ಲಿ ತಿಂದ ಸ್ಕೋನ್‌ನ ರೆಸಿಪಿ ಕೊಡುತ್ತೇನೆ ಅಂತ ರಾಣಿ ಎರಡನೇ ಎಲಿಜಬೆತ್ ಹೇಳಿದ್ದರು. ಮರೆತೇ ಹೋಯಿತು. ಮುಂದೊಂದು ದಿನ ಪೇಪರಿನಲ್ಲಿ ಅಧ್ಯಕ್ಷರು ಕೆಂಡದ ಮೇಲೆ ಹಕ್ಕಿ ಸುಡುತ್ತಿರುವ ಫೋಟೊ ಕಂಡು ನೆನಪಾಗಿ, 1960ರ ಜನವರಿಯಲ್ಲಿ ಕಾಗದ ಬರೆದು ಕಳಿಸಿದರು. ಆದರೆ ಅದು ನಾವು ಮಾತಾಡುತ್ತಿರುವ ಸ್ಕೋನ್ ಅಲ್ಲವೇ ಅಲ್ಲ! ಅದು ಡ್ರಾಪ್ ಸ್ಕೋನ್. ಹಿಟ್ಟನ್ನು ನೀರಾಗಿ ಕಲಸಿ ಕಾವಲಿಯ ಮೇಲೆ ಚಮಚದಲ್ಲಿ ಹುಯ್ಯುವ ಪುಟ್ಟ ಪ್ಯಾನ್‌ಕೇಕ್. ಅಮೆರಿಕದವರಿಗೆ ಅದೇನು ಹೊಸದಾಗಿತ್ತೋ, ದೇವರೇ ಬಲ್ಲ.

ಬ್ರಿಟಿಷ್, ಅಮೆರಿಕನ್, ಡ್ರಾಪ್ ಸ್ಕೋನ್ ಆದ ಮೇಲೆ ನಾಲ್ಕನೆಯದು, ಹೆಸರು ಬೇರೆಯಾದರೂ, ಅಮೆರಿಕದ ಬಿಸ್ಕಿಟ್. ನಮ್ಮ ಟೀ ಬಿಸ್ಕತ್ತಲ್ಲ. ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಬೆಳಗಿನ ತಿಂಡಿಗೆ ಗ್ರೇವಿ ಜೊತೆ ತಿನ್ನುವ, ದುಂಡಗಿನ, ಸಕ್ಕರೆ ಇಲ್ಲದ ಅಥವಾ ಚಿಟಿಕೆ ಇರುವ ತಿಂಡಿ. ನನ್ನ ಪ್ರಕಾರ ಬ್ರಿಟಿಷ್ ಸ್ಕೋನ್‌ಗೆ ನಿಜವಾದ ಹತ್ತಿರದ ನೆಂಟ ಇದೇ, ಅಮೆರಿಕನ್ ಸ್ಕೋನ್ ಅಲ್ಲ. ನೋಡಲಿಕ್ಕೂ ಒಂದೇ ತರಹ. ಆದರೆ ಬಿಸ್ಕಿಟ್ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ, ಉಪ್ಪು ಮುಂದಿರುತ್ತದೆ. ಬ್ರಿಟಿಷ್ ಸ್ಕೋನ್ ಒಳಗೆ ಒಂದೇ ಸಮ, ಮೆತ್ತಗೆ.

ಶುರು ಮಾಡುವ ಮೊದಲು: ಸಾಮಾನು ಮತ್ತು ಅಳತೆ

ಅಳತೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ಬ್ರಿಟಿಷ್ ರೆಸಿಪಿ ಗ್ರಾಂನಲ್ಲಿರುತ್ತದೆ, ಅಮೆರಿಕದ್ದು ಕಪ್‌ನಲ್ಲಿ. ಅಮೆರಿಕದ ಒಂದು ಕಪ್ ಸುಮಾರು 240 ಮಿಲಿ. ಮೈದಾವನ್ನು ಚಮಚದಿಂದ ಹಗುರವಾಗಿ ತುಂಬಿದರೆ ಒಂದು ಕಪ್‌ಗೆ 120ರಿಂದ 125 ಗ್ರಾಂ ಆಗುತ್ತದೆ. ಕಪ್ಪನ್ನೇ ಡಬ್ಬಕ್ಕೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಎರಡು ಕಪ್‌ಗೆ 50 ಗ್ರಾಂ ಜಾಸ್ತಿ ಅಂದರೆ ಸ್ಕೋನ್ ಗಂಟಲಲ್ಲಿ ಇಳಿಯುವುದಿಲ್ಲ. ಅವರು ಹೇಳುವ 'ಒಂದು ಸ್ಟಿಕ್' ಬೆಣ್ಣೆ 113 ಗ್ರಾಂ. ಒಂದು ಅಡುಗೆ ತಕ್ಕಡಿ ಇದ್ದರೆ ಈ ತಲೆನೋವೇ ಇಲ್ಲ.

ಬಿಸಿಯೂ ಹಾಗೇ. ಅಮೆರಿಕದ 400 ಡಿಗ್ರಿ ಫ್ಯಾರನ್‌ಹೀಟ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್, 425 ಅಂದರೆ 220. ಹಳೆಯ ಬ್ರಿಟಿಷ್ ಪುಸ್ತಕಗಳ 'ಗ್ಯಾಸ್ ಮಾರ್ಕ್ 7' ಕೂಡ ಇದೇ 220. ಓವನ್‌ನಲ್ಲಿ ಫ್ಯಾನ್ ಓಡುತ್ತಿದ್ದರೆ 20 ಡಿಗ್ರಿ ಕಮ್ಮಿ ಇಡಿ.

ಹಿಟ್ಟು: ಬ್ರಿಟಿಷ್ ರೆಸಿಪಿಗಳು ಸೆಲ್ಫ್ ರೈಸಿಂಗ್ ಹಿಟ್ಟನ್ನು ಕೇಳುತ್ತವೆ. ನಮ್ಮ ಕಿರಾಣಿ ಅಂಗಡಿಯಲ್ಲಿ ಅದು ಸಿಗುವುದು ಅಪರೂಪ. 150 ಗ್ರಾಂ ಮೈದಾಗೆ 2 ಟೀ ಚಮಚ ಬೇಕಿಂಗ್ ಪೌಡರ್ ಹಾಕಿ ಎರಡು ಸಲ ಜರಡಿ ಹಿಡಿದರೆ ಅದೇ ಆಯಿತು. ಹೊರದೇಶದಲ್ಲಿ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಅಮೆರಿಕದ ಸೆಲ್ಫ್ ರೈಸಿಂಗ್ ಹಿಟ್ಟಿನಲ್ಲಿ ಉಪ್ಪು ಬೆರೆತಿರುತ್ತದೆ, ಬ್ರಿಟನ್ನಿನದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದರ ಬದಲು ಇನ್ನೊಂದನ್ನು ಹಾಕುವಾಗ ಉಪ್ಪು ಲೆಕ್ಕ ಹಾಕಿ.

ಬೆಣ್ಣೆ: ಉಪ್ಪಿಲ್ಲದ, ಗಟ್ಟಿ ಬೆಣ್ಣೆ. ಮನೆಯಲ್ಲಿ ಕಡೆದ ಬೆಣ್ಣೆಯೂ ಆಗುತ್ತದೆ, ಆದರೆ ಅದರಲ್ಲಿ ನೀರು, ಮಜ್ಜಿಗೆ ಉಳಿದಿರುತ್ತದೆ. ಚೆನ್ನಾಗಿ ತೊಳೆದು, ಹಿಂಡಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬಳಸಿ. ತುಪ್ಪ ಬೇಡ. ತುಪ್ಪದಲ್ಲಿ ನೀರಿನಂಶವೇ ಇಲ್ಲ, ಓವನ್‌ನಲ್ಲಿ ಹಬೆ ಏಳುವುದಿಲ್ಲ.

ಕ್ರೀಮ್: ಹಿಟ್ಟಿಗೆ ಹಾಕಲು ಇದು ಅಮೆರಿಕನ್ ಸ್ಕೋನ್‌ಗೆ ಮಾತ್ರ ಬೇಕು. ಅಲ್ಲಿನ ಹೆವಿ ಕ್ರೀಮ್‌ನಲ್ಲಿ ಕನಿಷ್ಠ 36% ಕೊಬ್ಬು ಇರುತ್ತದೆ. ನಮ್ಮಲ್ಲಿ ಪ್ಯಾಕೆಟ್‌ನಲ್ಲಿ ಬರುವ ಫ್ರೆಶ್ ಕ್ರೀಮ್ ಸಾಮಾನ್ಯವಾಗಿ 25%. ನಡೆಯುತ್ತದೆ, ಆದರೆ ಸ್ವಲ್ಪ ಕಮ್ಮಿ ಹಾಕಬೇಕು, ನೀರಿನಂಶ ಜಾಸ್ತಿ. ಕೇಕ್ ಅಲಂಕಾರಕ್ಕೆ ಮಾರುವ ಸಿಹಿ ಹಾಕಿದ ಸಸ್ಯಜನ್ಯ ಕ್ರೀಮ್ ಮಾತ್ರ ಖಂಡಿತ ಬೇಡ.

ಬ್ರಿಟಿಷ್ ಸ್ಕೋನ್, ಹಂತ ಹಂತವಾಗಿ

ಏಳೆಂಟು ಸ್ಕೋನ್‌ಗೆ: ಮೈದಾ 225 ಗ್ರಾಂ, ಬೇಕಿಂಗ್ ಪೌಡರ್ 3 ಟೀ ಚಮಚ ಸಪಾಟಾಗಿ, ಉಪ್ಪು ಕಾಲು ಟೀ ಚಮಚ, ತಣ್ಣಗಿನ ಬೆಣ್ಣೆ 55 ಗ್ರಾಂ, ಸಣ್ಣ ಹರಳಿನ ಸಕ್ಕರೆ 25 ಗ್ರಾಂ, ಹಾಲು 130ರಿಂದ 150 ಮಿಲಿ. ಬೇಕಿದ್ದರೆ ಒಂದು ಹಿಡಿ ಒಣದ್ರಾಕ್ಷಿ. ಹಿಟ್ಟಿಗೆ ಮೊಟ್ಟೆ ಬೇಕಿಲ್ಲ. ಮೊಟ್ಟೆ ತಿನ್ನದ ಮನೆಗೆ ಇದಕ್ಕಿಂತ ಸುಲಭದ ಬೇಕಿಂಗ್ ಸಿಗುವುದು ಕಷ್ಟ.

1. ಓವನ್ 220 ಡಿಗ್ರಿಗೆ ಇಡಿ. ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ಆದರೆ ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಾಕಿ 15 ನಿಮಿಷವಾದರೂ ಕಾಯಲಿ. ಟ್ರೇಯನ್ನೂ ಒಳಗೇ ಇಡಿ. ಬಿಸಿ ಟ್ರೇ ಮೇಲೆ ಕೂತ ಸ್ಕೋನ್ ತಕ್ಷಣ ಏಳಲು ಶುರುವಾಗುತ್ತದೆ.

2. ಮೈದಾ, ಬೇಕಿಂಗ್ ಪೌಡರ್, ಉಪ್ಪು ಜರಡಿ ಹಿಡಿದು ಅಗಲ ಪಾತ್ರೆಗೆ ಹಾಕಿ. ಬೆಣ್ಣೆಯನ್ನು ಚಿಕ್ಕ ಚೌಕ ಮಾಡಿ ಹಾಕಿ. ಈಗ ಬೆರಳ ತುದಿಯಿಂದ ಮಾತ್ರ ಉಜ್ಜಬೇಕು. ಅಂಗೈ ತಾಗಿಸಬೇಡಿ, ಅಂಗೈ ಬಿಸಿ. ಹಿಟ್ಟನ್ನು ಮೇಲಕ್ಕೆ ಎತ್ತಿ, ಬೆರಳುಗಳ ನಡುವೆ ಉಜ್ಜಿ, ಕೆಳಗೆ ಬೀಳಿಸಿ. ಬೀಳುವಾಗ ಗಾಳಿ ಸೇರುತ್ತದೆ. ಬೆಣ್ಣೆಯ ತುಂಡು ಕಾಣದೆ, ಎಲ್ಲ ದಪ್ಪ ರವೆಯ ಹಾಗೆ ಪುಡಿಪುಡಿಯಾದಾಗ ನಿಲ್ಲಿಸಿ. ಈ ಹದದಲ್ಲಿ ಹಿಟ್ಟಿನ ಕಣಕ್ಕೆಲ್ಲ ಬೆಣ್ಣೆ ಮೆತ್ತಿಕೊಂಡು ನಾರು ಕಟ್ಟದಂತೆ ತಡೆಯುತ್ತದೆ. ಬ್ರಿಟಿಷ್ ಸ್ಕೋನ್ ಒಳಗೆ ಸಮನಾಗಿ ಮೆತ್ತಗೆ ಇರುವುದು ಇದಕ್ಕೇ.

3. ಸಕ್ಕರೆ, ಒಣದ್ರಾಕ್ಷಿ ಹಾಕಿ. ನಡುವೆ ಗುಂಡಿ ಮಾಡಿ ಹಾಲು ಸುರಿಯಿರಿ. ಹಾಲಿಗೆ ಮೊದಲೇ ಅರ್ಧ ಟೀ ಚಮಚ ನಿಂಬೆರಸ ಹಿಂಡಿದ್ದರೆ ಒಳ್ಳೆಯದು. ಕೈ ಹಾಕದೆ, ಮೊಂಡಾದ ಚಾಕುವಿನಿಂದ ಬೇಗ ಬೇಗ ಕಲಸಿ. ಹಿಟ್ಟು ಕೈಗೆ ಅಂಟಬೇಕು. ಅಂಟುತ್ತದೆ ಅಂತ ಸುಮ್ನೆ ಇನ್ನಷ್ಟು ಮೈದಾ ಸುರಿಯಬೇಡಿ, ಆ ಒದ್ದೆಯೇ ಓವನ್‌ನಲ್ಲಿ ಹಬೆಯಾಗಿ ಸ್ಕೋನನ್ನು ಎತ್ತುವುದು.

4. ಇನ್ನು ದೊಡ್ಡ ಎಚ್ಚರಿಕೆ. ದಿನಾ ಚಪಾತಿ ಹಿಟ್ಟು ನಾದುವ ಕೈಗೆ ಇಲ್ಲಿ ಕೆಲಸವಿಲ್ಲ. ನಾದಿದರೆ ಸ್ಕೋನ್ ಕಲ್ಲಾಗುತ್ತದೆ. ಹಿಟ್ಟು ಉದುರಿಸಿದ ಕಲ್ಲಿನ ಮೇಲೆ ಹಾಕಿ, ಎರಡು ಮೂರು ಸಲ ಮೆಲ್ಲಗೆ ಮಡಚಿ ತಟ್ಟಿ, ಅಷ್ಟೇ. ಮೇಲೆ ಅಲ್ಲಲ್ಲಿ ಒರಟು ಇದ್ದರೂ ಪರವಾಗಿಲ್ಲ.

5. ಕೈಯಿಂದಲೇ 3 ಸೆಂಟಿಮೀಟರ್ ದಪ್ಪ ತಟ್ಟಿ. ಲಟ್ಟಣಿಗೆ ಹಿಡಿದರೆ ನಮಗೆ ತೆಳ್ಳಗೆ ಮಾಡುವುದೇ ಅಭ್ಯಾಸ. ತೆಳ್ಳಗಾದ ಸ್ಕೋನ್ ಎಷ್ಟೇ ಮಾಡಿದರೂ ಏಳುವುದಿಲ್ಲ.

6. 5 ಸೆಂಟಿಮೀಟರಿನ ಚೂಪು ಅಂಚಿನ ಕಟರ್ ಅನ್ನು ಮೈದಾದಲ್ಲಿ ಅದ್ದಿ, ನೇರ ಕೆಳಗೆ ಒತ್ತಿ, ನೇರ ಮೇಲೆ ಎತ್ತಿ. ತಿರುಗಿಸಬೇಡಿ. ತಿರುಗಿಸಿದರೆ ಅಂಚು ಮುಚ್ಚಿಹೋಗಿ ಸ್ಕೋನ್ ಒಂದು ಕಡೆ ವಾಲುತ್ತದೆ. ಕಟರ್ ಇಲ್ಲ ಅಂತ ಸ್ಟೀಲ್ ಲೋಟ ತಗೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ, ಅಲ್ವಾ? ಆದರೆ ಲೋಟದ ಬಾಯಿ ಹೊರಕ್ಕೆ ಸುರುಳಿ ಸುತ್ತಿರುತ್ತದೆ. ಅದು ಕತ್ತರಿಸುವುದಿಲ್ಲ, ಅಂಚನ್ನು ಅಮುಕುತ್ತದೆ. ಅದಕ್ಕಿಂತ ಚೂಪು ಚಾಕುವಿನಿಂದ ಚೌಕ ಕತ್ತರಿಸಿ. ದುಂಡಗಿಲ್ಲ ಅಂತ ಯಾರೂ ಬೇಸರ ಮಾಡಿಕೊಳ್ಳಲ್ಲ, ಚೂರು ಹಿಟ್ಟೂ ಉಳಿಯಲ್ಲ.

7. ಬಿಸಿ ಟ್ರೇ ಮೇಲೆ ಬಟರ್ ಪೇಪರ್ ಹಾಸಿ ಹತ್ತಿರ ಹತ್ತಿರ ಇಡಿ. ಒಂದರ ಪಕ್ಕ ಒಂದಿದ್ದರೆ ಅಗಲಕ್ಕೆ ಹರಡದೆ ಮೇಲಕ್ಕೆ ಏಳುತ್ತವೆ. ತಲೆಗೆ ಮಾತ್ರ ಹಾಲು ಸವರಿ, ಪಕ್ಕಕ್ಕೆ ಇಳಿಯಲು ಬಿಡಬೇಡಿ.

8. 12ರಿಂದ 14 ನಿಮಿಷ. ತಲೆ ಹೊಂಬಣ್ಣಕ್ಕೆ ತಿರುಗಿ, ಸೊಂಟದ ಸುತ್ತ ಒಂದು ಬಿರುಕು ಬಿಟ್ಟಿದ್ದರೆ ಆಯಿತು. ಆ ಬಿರುಕು ಬೇಕೇ ಬೇಕು. ಚಾಕು ಹಾಕದೆ ಅಲ್ಲಿಂದಲೇ ಕೈಯಲ್ಲಿ ಎರಡು ಭಾಗ ಮಾಡುವುದು.

ಮೆತ್ತಗಿನ ಸಿಪ್ಪೆ ಬೇಕಿದ್ದರೆ ತೆಗೆದ ಕೂಡಲೇ ಬಟ್ಟೆ ಮುಚ್ಚಿ.

ಜಾಮ್ ಮೊದಲೋ, ಕ್ರೀಮ್ ಮೊದಲೋ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್, ಕಾರ್ನ್‌ವಾಲ್ ಅಂತ ಅಕ್ಕಪಕ್ಕದ ಎರಡು ಜಿಲ್ಲೆಗಳಿವೆ. ಡೆವನ್‌ನವರು ಸ್ಕೋನ್ ಮೇಲೆ ಮೊದಲು ಕ್ರೀಮ್ ಹಚ್ಚಿ, ಅದರ ಮೇಲೆ ಜಾಮ್ ಇಡುತ್ತಾರೆ. ಕಾರ್ನ್‌ವಾಲ್‌ನವರು ಮೊದಲು ಜಾಮ್, ಮೇಲೆ ಕ್ರೀಮ್. ಇದನ್ನು ಅವರು ಎಷ್ಟು ಗಂಭೀರವಾಗಿ ತಗೊಳ್ಳುತ್ತಾರೆ ಅಂದರೆ, 2018ರಲ್ಲಿ ಕಾರ್ನ್‌ವಾಲ್‌ನ ಲ್ಯಾನ್‌ಹೈಡ್ರಾಕ್ ಎಂಬ ಹಳೆಯ ಬಂಗಲೆಯವರು ತಾಯಂದಿರ ದಿನದ ಜಾಹೀರಾತಿನಲ್ಲಿ ಡೆವನ್ ಕ್ರಮದ ಫೋಟೊ ಹಾಕಿಬಿಟ್ಟರು. ಊರವರು ರೇಗಿದರು, ಬಂಗಲೆಯವರು ಕ್ಷಮೆ ಕೇಳಬೇಕಾಯಿತು. ಸ್ಕೋನ್ ಇನ್ನೂ ಬೆಚ್ಚಗಿದ್ದರೆ ನಾನು ಕಾರ್ನ್‌ವಾಲ್ ಪಕ್ಷ. ಕ್ರೀಮ್ ಕೆಳಗಿದ್ದರೆ ಕರಗಿ ಹರಿಯುತ್ತದೆ.

ಕ್ರೀಮ್ ಅಂದರೆ ಇಲ್ಲಿ ಕ್ಲಾಟೆಡ್ ಕ್ರೀಮ್. ಗಟ್ಟಿ ಹಾಲು ಅಥವಾ ಕ್ರೀಮನ್ನು ತುಂಬ ಹೊತ್ತು ಸಣ್ಣ ಬಿಸಿಯಲ್ಲಿಟ್ಟು, ನಿಧಾನಕ್ಕೆ ಆರಿಸಿ, ಮೇಲೆ ಕಟ್ಟಿದ ದಪ್ಪ ಪದರ ತೆಗೆಯುತ್ತಾರೆ. ಕಾರ್ನ್‌ವಾಲ್‌ನದಕ್ಕೆ 1998ರಿಂದ ಯುರೋಪಿನ ಭೌಗೋಳಿಕ ಮಾನ್ಯತೆ ಇದೆ, ಕೊಬ್ಬು ಕನಿಷ್ಠ 55% ಇರಬೇಕು. ಇಲ್ಲಿ ಅದರ ಬದಲಿಗೆ ಹೊರಗೆ ಹುಡುಕುವ ಅಗತ್ಯವಿಲ್ಲ. ಹಾಲು ಕಾಯಿಸಿ ಆರಿದ ಮೇಲೆ ಬರುವ ಕೆನೆಯನ್ನು ಮೂರು ನಾಲ್ಕು ದಿನ ಫ್ರಿಜ್‌ನಲ್ಲಿ ಕೂಡಿಸಿ. ಹೆಪ್ಪು ಹಾಕಬೇಡಿ. ಚಮಚದಲ್ಲಿ ಒಂದೆರಡು ನಿಮಿಷ ಮೆಲ್ಲಗೆ ತಿರುವಿ. ಜಾಸ್ತಿ ತಿರುವಿದರೆ ಬೆಣ್ಣೆ ಬಂದುಬಿಡುತ್ತದೆ. ಎಮ್ಮೆ ಹಾಲಿನ ಕೆನೆ ಆದರಂತೂ ಇನ್ನೂ ಚೆನ್ನ.

ಅಮೆರಿಕನ್ ಸ್ಕೋನ್

ಎಂಟು ತುಂಡಿಗೆ: ಮೈದಾ 250 ಗ್ರಾಂ, ಸಕ್ಕರೆ 65 ಗ್ರಾಂ, ಬೇಕಿಂಗ್ ಪೌಡರ್ ಎರಡೂವರೆ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಬೆಣ್ಣೆ 115 ಗ್ರಾಂ, ಕ್ರೀಮ್ 120 ಮಿಲಿ, ಮೊಟ್ಟೆ ಒಂದು, ವೆನಿಲಾ ಒಂದು ಟೀ ಚಮಚ, ಹಣ್ಣು ಅಥವಾ ಚಾಕೊಲೇಟ್ ಚಿಪ್ಸ್ 120 ಗ್ರಾಂ. 25% ಕ್ರೀಮ್ ಆದರೆ 100 ಮಿಲಿಯಿಂದ ಶುರು ಮಾಡಿ. ಮೊಟ್ಟೆ ಬೇಡವಾದರೆ ಅದರ ಜಾಗಕ್ಕೆ ಇನ್ನೂ 40–50 ಮಿಲಿ ಕ್ರೀಮ್. ಬಣ್ಣ ಸ್ವಲ್ಪ ಕಮ್ಮಿ ಬರುತ್ತದೆ, ರುಚಿಗೆ ಮೋಸವಿಲ್ಲ.

ಇಲ್ಲಿ ಬೆಣ್ಣೆಯ ಕೆಲಸ ಬೇರೆ. ಪೂರ್ತಿ ಪುಡಿ ಮಾಡಬಾರದು. ಬೆಣ್ಣೆಯ ಗಟ್ಟಿಯನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ತುರಿಯುವ ಮಣೆಯ ದೊಡ್ಡ ತೂತಿನಲ್ಲಿ ನೇರ ಹಿಟ್ಟಿನ ಮೇಲೆ ತುರಿದುಕೊಳ್ಳಿ. ಫೋರ್ಕ್‌ನಿಂದ ಬೆರೆಸಿ. ಅಲ್ಲಲ್ಲಿ ಕಡಲೆಕಾಳು ಗಾತ್ರದ ಬೆಣ್ಣೆ ಉಳಿಯಬೇಕು. ಓವನ್‌ನಲ್ಲಿ ಆ ತುಂಡುಗಳು ಕರಗಿ, ಅವುಗಳಲ್ಲಿರುವ ನೀರು ಹಬೆಯಾಗಿ, ಸಣ್ಣ ಸಣ್ಣ ಖಾಲಿ ಜಾಗ ಬಿಡುತ್ತವೆ. ಅಮೆರಿಕನ್ ಸ್ಕೋನ್ ಕಚ್ಚಿದಾಗ ಪುಡಿಪುಡಿಯಾಗಿ ಉದುರುವುದು ಅದರಿಂದ. ಬೇಸಿಗೆಯಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆಯ ಸೆಖೆಯಲ್ಲಿ ಇದು ಬೆಳಿಗ್ಗೆ ಆರು ಗಂಟೆಗೆ ಮಾಡುವ ಕೆಲಸ. ಮಧ್ಯಾಹ್ನ ತುರಿದರೆ ಮಣೆಯಿಂದ ಬೀಳುವಷ್ಟರಲ್ಲಿ ಬೆಣ್ಣೆ ಮೆತ್ತಗಾಗಿರುತ್ತದೆ. ಹಿಟ್ಟು, ಪಾತ್ರೆ ಎರಡನ್ನೂ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ.

ಕ್ರೀಮ್, ಮೊಟ್ಟೆ, ವೆನಿಲಾ ಬೇರೆ ಬಟ್ಟಲಲ್ಲಿ ಕದಡಿ ಹಿಟ್ಟಿಗೆ ಹಾಕಿ. ಹಣ್ಣು ಸೇರಿಸಿ. ಹಿಟ್ಟು ಒಂದಾಗುವಷ್ಟು ಮಾತ್ರ ಕಲಸಿ. ಅಲ್ಲಿನವರು ಹಾಕುವ ಬ್ಲೂಬೆರಿ ಫ್ರೋಜನ್ ಸಿಕ್ಕರೆ ಕರಗಿಸದೆ ಹಾಗೇ ಹಾಕಿ, ಇಲ್ಲದಿದ್ದರೆ ಹಿಟ್ಟೆಲ್ಲ ನೇರಳೆಯಾಗುತ್ತದೆ. ಒಣ ಕ್ರ್ಯಾನ್‌ಬೆರಿ ಮತ್ತು ಕಿತ್ತಳೆ ಅಲ್ಲಿನ ಇನ್ನೊಂದು ಮೆಚ್ಚಿನ ಜೋಡಿ. ಕೊಡಗಿನ ಕಿತ್ತಳೆ ಸಿಕ್ಕರೆ ಬಿಡಬೇಡಿ. ಅದರ ಸಿಪ್ಪೆ ಸಡಿಲ. ಸುಲಿದ ಮೇಲೆ ತುರಿಯಲು ಆಗುವುದಿಲ್ಲ, ಇಡೀ ಹಣ್ಣನ್ನೇ ಹಿಡಿದು ಮೇಲಿನ ಬಣ್ಣದ ಭಾಗ ಮಾತ್ರ ತುರಿದುಕೊಳ್ಳಿ. ಒಳಗಿನ ಬಿಳಿ ಬಂದರೆ ಕಹಿ. ಮಾವು, ಪಪ್ಪಾಯಿಯಂಥ ರಸದ ಹಣ್ಣು ಹಾಕಿದರೆ ನಡುಭಾಗ ಬೇಯುವುದೇ ಇಲ್ಲ.

ಹಿಟ್ಟನ್ನು ಸುಮಾರು 18 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ದುಂಡು ಮಾಡಿ, ಎಂಟು ತ್ರಿಕೋನ ಕತ್ತರಿಸಿ. ಟ್ರೇ ಸಮೇತ 20–30 ನಿಮಿಷ ಫ್ರೀಜರ್‌ಗೆ. ಈ ಹಂತ ಬಿಡುವ ಹಾಗಿಲ್ಲ. ಇಷ್ಟು ಬೆಣ್ಣೆ ಇರುವ ಹಿಟ್ಟು ಬೆಚ್ಚಗೇ ಓವನ್‌ಗೆ ಹೋದರೆ ಏಳುವ ಮೊದಲೇ ಹರಡಿಕೊಳ್ಳುತ್ತದೆ. ಟ್ರೇ ಮೇಲೆ ಬೆಣ್ಣೆಯ ಕೊಚ್ಚೆ ನಿಂತಿದ್ದರೆ ಕಾರಣ ಇದೇ, ಇಲ್ಲವೇ ಓವನ್ ಸರಿಯಾಗಿ ಕಾದಿಲ್ಲ.

200 ಡಿಗ್ರಿಯಲ್ಲಿ 20–25 ನಿಮಿಷ ಬೇಯಿಸಿ. ತುಂಡುಗಳ ನಡುವೆ ಎರಡು ಬೆರಳು ಜಾಗ ಇರಲಿ, ಅಂಚೆಲ್ಲ ಗರಿಗರಿಯಾಗಬೇಕು. ಬಿಸಿ ಯಾಕೆ ಕಮ್ಮಿ? ಸಕ್ಕರೆ ಜಾಸ್ತಿ ಇದ್ದಷ್ಟೂ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. 220 ಇಟ್ಟರೆ ಹೊರಗೆ ಕಪ್ಪು, ಒಳಗೆ ಹಸಿ. ಪೂರ್ತಿ ಆರಿದ ಮೇಲೆ 100 ಗ್ರಾಂ ಐಸಿಂಗ್ ಶುಗರ್‌ಗೆ ಒಂದೂವರೆ ಟೇಬಲ್ ಚಮಚ ಹಾಲು ಅಥವಾ ನಿಂಬೆರಸ ಕದಡಿ ಮೇಲೆ ಗೆರೆಗೆರೆಯಾಗಿ ಸುರಿಯಿರಿ. ನಿಂಬೆರಸವೇ ಮೇಲು. ಬರೀ ಹಾಲಿನದು ನಾಲಿಗೆಗೆ ಅತಿ ಸಿಹಿ.

ಓವನ್ ಇಲ್ಲದವರಿಗೆ

ಸ್ಕಾಟ್ಲೆಂಡಿನ ಹಳೆಯ ದಾರಿಯೇ ಇದೆ. ಬ್ರಿಟಿಷ್ ಸ್ಕೋನ್‌ನ ಹಿಟ್ಟನ್ನೇ ತಗೊಳ್ಳಿ, ಹಾಲಿನ ಬದಲು ಹುಳಿ ಮಜ್ಜಿಗೆ ಹಾಕಿ. ಬೇಕಿಂಗ್ ಪೌಡರನ್ನು ಒಂದೂವರೆ ಟೀ ಚಮಚಕ್ಕೆ ಇಳಿಸಿ, ಕಾಲು ಟೀ ಚಮಚ ಅಡುಗೆ ಸೋಡಾ ಸೇರಿಸಿ. ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ದಪ್ಪ ತಟ್ಟಿ, ನಾಲ್ಕು ತ್ರಿಕೋನ ಮಾಡಿ. ದೋಸೆ ಕಾವಲಿಗೆ ಎಣ್ಣೆ ಬೇಡ, ಒಂದಿಷ್ಟು ಮೈದಾ ಉದುರಿಸಿ. ಅದು ನಿಧಾನಕ್ಕೆ ಕೆಂಪಗಾದರೆ ಬಿಸಿ ಸರಿ ಇದೆ, ತಕ್ಷಣ ಕಪ್ಪಾದರೆ ಉರಿ ತಗ್ಗಿಸಿ. ಪ್ರತಿ ಬದಿಗೆ ಐದು ನಿಮಿಷ. ಕೊನೆಗೆ ಅಂಚುಗಳನ್ನೂ ನಿಲ್ಲಿಸಿ ಒಂದೊಂದು ನಿಮಿಷ ಸುಡಿ, ಇಲ್ಲದಿದ್ದರೆ ಪಕ್ಕ ಹಸಿಯಾಗಿ ಉಳಿಯುತ್ತದೆ. ಅಮೆರಿಕನ್ ಹಿಟ್ಟನ್ನು ಕಾವಲಿ ಮೇಲೆ ಮಾಡಲು ಹೋಗಬೇಡಿ, ಬೆಣ್ಣೆಯೆಲ್ಲ ಸೋರಿ ಹೋಗುತ್ತದೆ.

ಕೆಟ್ಟರೆ ಎಲ್ಲಿ ನೋಡಬೇಕು, ಉಳಿದರೆ ಹೇಗೆ ಇಡಬೇಕು

ಏಳಲೇ ಇಲ್ಲವೇ? ಮೊದಲು ಬೇಕಿಂಗ್ ಪೌಡರ್ ಪರೀಕ್ಷಿಸಿ. ಒಂದು ಚಮಚ ಪುಡಿಗೆ ಬಿಸಿ ನೀರು ಹಾಕಿದರೆ ಜೋರಾಗಿ ನೊರೆ ಬರಬೇಕು. ಮಳೆಗಾಲದಲ್ಲಿ ತೆರೆದ ಡಬ್ಬ ಬೇಗ ಸತ್ತುಹೋಗುತ್ತದೆ. ಬಾಯಲ್ಲಿ ಸೋಪಿನ ರುಚಿ ಬಂದರೆ ಸೋಡಾ ಜಾಸ್ತಿಯಾಗಿದೆ. ತಳ ಸುಟ್ಟು ತಲೆ ಬಿಳಿಯಾಗಿದ್ದರೆ ಓಟಿಜಿಯಲ್ಲಿ ಟ್ರೇಯನ್ನು ಒಂದು ಮೆಟ್ಟಿಲು ಮೇಲಿಡಿ.

ಬ್ರಿಟಿಷ್ ಸ್ಕೋನ್ ಮಾಡಿದ ದಿನವೇ ಮುಗಿಯಬೇಕು. ಬೆಣ್ಣೆ ಕಮ್ಮಿ ಇರುವುದರಿಂದ ಮರುದಿನಕ್ಕೆ ಒಣಗುತ್ತದೆ. ಉಳಿದರೆ ಎರಡು ಭಾಗ ಮಾಡಿ ಕಾವಲಿಯ ಮೇಲೆ ಬೆಣ್ಣೆ ಹಾಕಿ ಸುಟ್ಟು ತಿನ್ನಿ. ಅಮೆರಿಕನ್ ಸ್ಕೋನ್ ಡಬ್ಬದಲ್ಲಿ ಎರಡು ದಿನ ಇರುತ್ತದೆ. ಅದನ್ನು ಹಸಿಯಾಗಿಯೇ ಫ್ರೀಜ್ ಮಾಡಿಡುವುದು ಇನ್ನೂ ಜಾಣತನ. ಕತ್ತರಿಸಿದ ತ್ರಿಕೋನಗಳು ಕಲ್ಲಿನಷ್ಟು ಗಟ್ಟಿಯಾದ ಮೇಲೆ ಜಿಪ್ ಕವರಿಗೆ ಹಾಕಿ. ಒಂದು ತಿಂಗಳು ಧಾರಾಳವಾಗಿ ಇರುತ್ತದೆ. ಬೇಕಾದಾಗ ಕರಗಿಸದೆ, ಹಾಗೇ ಕಾದ ಓವನ್‌ಗೆ ಇಟ್ಟು ಮೂರು ನಾಲ್ಕು ನಿಮಿಷ ಜಾಸ್ತಿ ಬೇಯಿಸಿ.